ಬದುಕಿಗೂ ತರಬೇತುದಾರರು ಬೇಕೇ?



‘ಲೈಫ್ ಕೋಚ್’ ಎಂಬ ಹೊಸ ಸಲಹೆಗಾರರು ಈಗ ಮೊಬೈಲಿನ ಮೂಲಕ ನಮ್ಮ ಮನೆಗಳನ್ನೂ ತಲುಪಿದ್ದಾರೆ. ಗುರಿಯೊಂದನ್ನು ನಿಶ್ಚಯಿಸಿಕೊಟ್ಟು, ವಾರವಾರವೂ ವಿಚಾರಿಸಿ, ಹಿಡಿದ ಕೆಲಸ ಬಿಡದಂತೆ ನೋಡಿಕೊಳ್ಳುವುದು ಇವರ ಕಾಯಕ. ಇದಕ್ಕೆ ಶುಲ್ಕ ತೆರುವುದು ಲಾಭವೇ?

ಬೋರ್ಡೋ ದ್ರಾವಣ ತಯಾರಿಸಿದ ಮೇಲೆ ಉಜ್ಜಿದ ಕತ್ತಿಯ ಅಲಗನ್ನು ಅದ್ದಿ ನೋಡುತ್ತೇವೆ. ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದೆಂದು ಅರ್ಥ. ಈ ಸಲಹೆಗಾರರಿಗೆ ಅಂಥ ಪರೀಕ್ಷೆಯಿಲ್ಲ. ಮನೋವೈದ್ಯರಿಗೆ ಕಾನೂನಿನ ಪ್ರಕಾರ ನೋಂದಣಿ ಕಡ್ಡಾಯ. ಕೋಚ್‌ಗಳಿಗೆ ನಮ್ಮ ದೇಶದಲ್ಲಿ ಅಂಥ ಕಟ್ಟಳೆಯಿಲ್ಲ. ಫಲಕ ಹಾಕಿದವರೆಲ್ಲ ಕೋಚ್‌ಗಳೇ.

ಹಾಗೆಂದು ಎಲ್ಲವೂ ವ್ಯರ್ಥವೆನ್ನಲಾಗದು. ತೋಟವನ್ನು ಮಕ್ಕಳಿಗೆ ವಹಿಸುವುದೋ, ಬೇರೆ ಉದ್ಯೋಗ ಹಿಡಿಯುವುದೋ ಎಂದು ತೊಳಲುವವರಿಗೆ ಮನೆಯ ಹಂಗಿಲ್ಲದ ಕಿವಿಯೊಂದು ನೆರವಾದೀತು. ಆದರೆ ಅಡಿಕೆಯ ಎಲೆಚುಕ್ಕಿ ರೋಗಕ್ಕೂ ಸಾಲದ ಕಂತಿಗೂ ಅವರಲ್ಲಿ ಔಷಧಿಯಿಲ್ಲ. ಅದಕ್ಕೆ ತೋಟಕ್ಕೆ ಬಂದು ನೋಡುವವರು, ಲೆಕ್ಕದ ಪುಸ್ತಕ ತೆರೆದು ಮಾತನಾಡುವವರು ಬೇಕು.

ನಿದ್ದೆ ದೂರವಾಗಿ ಬದುಕೇ ಬೇಡವೆನಿಸಿದರೆ ಸಂಗತಿಯೇ ಬೇರೆ. ಆಗ ಬೇಕಾದುದು ವೈದ್ಯರು. 2022ರ ಅಕ್ಟೋಬರಿನಲ್ಲಿ ಆರಂಭವಾದ ಸರಕಾರದ ಟೆಲಿ-ಮಾನಸ್ ಸೇವೆಯ 14416 ಸಂಖ್ಯೆಗೆ ಹಗಲಿರುಳೆನ್ನದೆ ಉಚಿತವಾಗಿ ಕರೆ ಮಾಡಿ, ಕನ್ನಡದಲ್ಲೇ ಮಾತನಾಡಬಹುದು. ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ.

ಕೋಚ್‌ಗೆ ಹಣ ಕೊಡುವ ಮುನ್ನ ಮೂರು ಮಾತು ಕೇಳಿರಿ: ನೀವು ಕಲಿತದ್ದೇನು? ಒಟ್ಟು ಖರ್ಚೆಷ್ಟು? ಯಾವ ಹಂತದಲ್ಲಿ ನಮ್ಮನ್ನು ವೈದ್ಯರಲ್ಲಿಗೆ ಕಳುಹಿಸುವಿರಿ? ಉತ್ತರ ತಡವರಿಸಿದರೆ ಆ ಹಣ ಮೈಲುತುತ್ತ, ಸುಣ್ಣಕ್ಕೆ ಉಳಿಯಲಿ.