ಸೋರೆಯ ಬೇರು, ಕಲ್ಲಂಗಡಿಯ ಹಣ್ಣು

ಐವತ್ತು ಕಿಲೋ ತೂಗುವ ಮೂರು ಅಕ್ಕಿ ಮೂಟೆಗಳು, ಅದರ ಮೇಲೆ ಇನ್ನೂ ಒಂಬತ್ತು ಕಿಲೋ. ಇಷ್ಟು ತೂಗಿದ್ದು ಒಂದೇ ಒಂದು ಕಲ್ಲಂಗಡಿ ಹಣ್ಣು! ಅಮೆರಿಕದ ಟೆನೆಸ್ಸಿ ರಾಜ್ಯದ ಸೇವಿಯರ್‌ವಿಲ್‌ನಲ್ಲಿ ಕ್ರಿಸ್ ಕೆಂಟ್ ಎಂಬುವರು ಬೆಳೆದ ಈ ಹಣ್ಣು 2013ರ ಅಕ್ಟೋಬರ್‌ನಲ್ಲಿ 350.5 ಪೌಂಡ್, ಅಂದರೆ 159 ಕಿಲೋ ತೂಗಿ ಗಿನ್ನೆಸ್ ದಾಖಲೆಗೆ ಸೇರಿತು.

ಬೆಂಗಳೂರಿನ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ರೂಪಿಸಿದ 'ಅರ್ಕಾ ಮಾಣಿಕ್' ತಳಿಯ ಹಣ್ಣು ಸರಾಸರಿ 6 ಕಿಲೋ ತೂಗುತ್ತದೆ. ಅದಕ್ಕೆ ಹೋಲಿಸಿದರೆ ಟೆನೆಸ್ಸಿಯ ಹಣ್ಣು ಸುಮಾರು 27 ಪಟ್ಟು ಭಾರ. ಹಾಗಾದರೆ ಉದ್ದವೂ 27 ಪಟ್ಟು ಇರಬೇಕಲ್ಲವೇ? ಖಂಡಿತ ಇಲ್ಲ. ಆಕಾರ ಒಂದೇ ಎಂದಿಟ್ಟುಕೊಂಡರೆ ಉದ್ದ, ಅಗಲ, ಎತ್ತರ ಮೂರೂ ಮೂರು ಪಟ್ಟಾದಾಗ ಗಾತ್ರ 3×3×3, ಅಂದರೆ 27 ಪಟ್ಟಾಗುತ್ತದೆ. ಗಣಿತದ ಪುಸ್ತಕದ ಘನಫಲ ಇಲ್ಲಿ ಹೊಲದಲ್ಲೇ ಮಲಗಿದೆ! ಉದ್ದ ಮೂರೇ ಪಟ್ಟಾದರೂ ಬಳ್ಳಿ ಹೊರಬೇಕಾದ ಹೊಣೆ 27 ಪಟ್ಟು. ಕಲ್ಲಂಗಡಿಯಲ್ಲಿ ನೂರಕ್ಕೆ ಸುಮಾರು 92 ಪಾಲು ನೀರು. ಈ ಒಂದು ಹಣ್ಣಿನೊಳಗೆ ಹೆಚ್ಚು ಕಡಿಮೆ 146 ಲೀಟರ್ ನೀರು ತುಂಬಿಕೊಂಡಿತ್ತು. ಅಷ್ಟೂ ಬೇರಿನಿಂದ ಹೊರಟು ಒಂದು ತೊಟ್ಟಿನ ಮೂಲಕ ಬಂದದ್ದು.

ಹೋಪ್ ಎಂಬ ಊರು

ದೈತ್ಯ ಕಲ್ಲಂಗಡಿಗೆ ಹೆಸರಾದ ಊರೆಂದರೆ ಅಮೆರಿಕದ ಆರ್ಕನ್ಸಾ ರಾಜ್ಯದ ಹೋಪ್. ಹೋಪ್ ಎಂದರೆ ಭರವಸೆ. ಅಮೆರಿಕದ ಅಧ್ಯಕ್ಷರಾಗಿದ್ದ ಬಿಲ್ ಕ್ಲಿಂಟನ್ ಹುಟ್ಟಿದ್ದೂ ಇಲ್ಲಿಯೇ. 1935ರಲ್ಲಿ ಇಲ್ಲಿ 195 ಪೌಂಡಿನ ಹಣ್ಣು ಬೆಳೆದಿತ್ತು. 1985ರಲ್ಲಿ ಇದೇ ಊರಿನ ಬ್ರೈಟ್ ಕುಟುಂಬ 260 ಪೌಂಡ್, 2005ರಲ್ಲಿ 268.8 ಪೌಂಡ್ ಮುಟ್ಟಿತು. 'ಕೆರೊಲಿನಾ ಕ್ರಾಸ್' ಎಂಬ ದೈತ್ಯ ತಳಿಯಲ್ಲಿ ದೊಡ್ಡ ಹಣ್ಣಿನ ಬೀಜವನ್ನೇ ಎತ್ತಿಟ್ಟು, ಬಳ್ಳಿಗೊಂದೇ ಕಾಯಿ ಉಳಿಸಿ, ಉಳಿದವನ್ನು ಚಿವುಟಿ ಹಾಕಿ ಸಾಧಿಸುವ ಬೆಳೆ ಇದು.

ಬೀಜ ನೆಟ್ಟು ಅದರದೇ ಬೇರಿನ ಮೇಲೆ ಬೆಳೆಸುವುದು ಸಾಂಪ್ರದಾಯಿಕ ವಿಧಾನ. ಈಗ ದೈತ್ಯ ಹಣ್ಣು ಬೆಳೆಯುವ ಹವ್ಯಾಸಿಗಳಲ್ಲಿ ಕೆಲವರು ಬೇರೊಂದು ದಾರಿ ಹಿಡಿದಿದ್ದಾರೆ. ಕಲ್ಲಂಗಡಿಯ ಕುಡಿಯನ್ನು ಸೋರೆ ಅಥವಾ ಕುಂಬಳದ ಬೇರಿನ ಮೇಲೆ ಕಸಿ ಕಟ್ಟುವುದು. ಮಾವಿಗೆ ಕಸಿ ಕಟ್ಟುವುದನ್ನು ನೀವು ನೋಡಿರುತ್ತೀರಿ. ನಾಲ್ಕು ತಿಂಗಳು ಬಾಳುವ ಬಳ್ಳಿಗೂ ಕಸಿಯೇ?

ಈ ಯೋಚನೆ ಹೊಸತೇನಲ್ಲ. ಕ್ರಿಸ್ತಪೂರ್ವ ಒಂದನೇ ಶತಮಾನದ ಚೀನಾದ ಕೃಷಿ ಲೇಖಕ ಫಾನ್ ಷೆಂಗ್‌ಝಿ ದೊಡ್ಡ ಸೋರೆಕಾಯಿ ಪಡೆಯುವ ಉಪಾಯ ಹೇಳಿದ್ದಾನೆ. ಒಂದೇ ಗುಂಡಿಯಲ್ಲಿ ಹತ್ತು ಬೀಜ ಹಾಕಿ. ಬಳ್ಳಿಗಳು ಬೆಳೆದಾಗ ಹತ್ತೂ ಕಾಂಡಗಳನ್ನು ಒಟ್ಟಿಗೆ ಬಿಗಿದು ಮಣ್ಣು ಮೆತ್ತಿ. ಅವು ಬೆಸೆದುಕೊಂಡ ಮೇಲೆ ಗಟ್ಟಿಯಾದ ಒಂದು ಕುಡಿ ಬಿಟ್ಟು ಉಳಿದವನ್ನು ಕತ್ತರಿಸಿ. ಹತ್ತು ಬೇರುಗಳ ದುಡಿಮೆ, ಒಂದು ಬಳ್ಳಿಯ ಊಟ!

ಮಣ್ಣಿನೊಳಗಿನ ಶತ್ರು

ಆದರೆ ಕಲ್ಲಂಗಡಿಗೆ ಕಸಿ ಬಂದದ್ದು ದೊಡ್ಡ ಹಣ್ಣಿನ ಆಸೆಯಿಂದಲ್ಲ, ಬಳ್ಳಿ ಉಳಿಸಿಕೊಳ್ಳುವ ಸಂಕಟದಿಂದ. ಫ್ಯೂಸೇರಿಯಂ ಎಂಬ ಶಿಲೀಂಧ್ರ ಮಣ್ಣಿನಿಂದ ಬೇರಿನೊಳಕ್ಕೆ ನುಗ್ಗಿ, ನೀರು ಸಾಗಿಸುವ ಕ್ಸೈಲಂ ನಾಳಗಳನ್ನು ಕಟ್ಟಿಹಾಕುತ್ತದೆ. ಹೊಲದಲ್ಲಿ ನೀರಿದ್ದರೂ ಬಳ್ಳಿ ಬಾಯಾರಿ ಒಣಗುತ್ತದೆ. ಇದೇ ಸೊರಗು ರೋಗ. ಒಮ್ಮೆ ಹೊಕ್ಕರೆ ಈ ಶಿಲೀಂಧ್ರ ವರ್ಷಗಟ್ಟಲೆ ಮಣ್ಣಿನಲ್ಲಿ ಉಳಿಯುತ್ತದೆ. ಕಲ್ಲಂಗಡಿ ನಂಬಿದ ರೈತ ಹೊಸ ಹೊಲ ಹುಡುಕಬೇಕಾಗುತ್ತಿತ್ತು.

ಇದಕ್ಕೆ ಎರಡು ದಾರಿಗಳು ಕಂಡವು. ಅಮೆರಿಕದ ವಿಜ್ಞಾನಿ ಡಬ್ಲ್ಯು. ಎ. ಆರ್ಟನ್ ಬೀಜವನ್ನೇ ಬದಲಿಸಲು ಹೊರಟರು. ರೋಗ ತಡೆಯುವ ಸಿಟ್ರನ್ ಎಂಬ ಗಡಸು ಜಾತಿಯೊಡನೆ ಕಲ್ಲಂಗಡಿಯನ್ನು ಸಂಕರಗೊಳಿಸಿ, 1911ರಲ್ಲಿ 'ಕಾಂಕರರ್' ತಳಿಯನ್ನು ಹೊರತಂದರು. ರೋಗವೇನೋ ತಡೆಯಿತು, ಹಣ್ಣು ಮಾತ್ರ ಮಾರುಕಟ್ಟೆಗೆ ಒಗ್ಗಲಿಲ್ಲ. ಜಪಾನೀಯರು 1920ರ ದಶಕದಲ್ಲಿ ಬೇರನ್ನೇ ಬದಲಿಸಿದರು. ಕಲ್ಲಂಗಡಿಯನ್ನು ಕಾಡುವ ಫ್ಯೂಸೇರಿಯಂ ಸೋರೆ, ಕುಂಬಳಗಳ ಬೇರಿಗೆ ಆ ಹಾವಳಿ ಮಾಡುವುದಿಲ್ಲ. ಇಂದು ಜಪಾನ್, ಕೊರಿಯಾಗಳ ಬಹುಪಾಲು ಕಲ್ಲಂಗಡಿ ಕಸಿ ಬಳ್ಳಿಯದು. ಮಣ್ಣು ಶುದ್ಧಿಗೆ ಬಳಸುತ್ತಿದ್ದ ಮೀಥೈಲ್ ಬ್ರೋಮೈಡ್ ಅನಿಲ ಓಜೋನ್ ಪದರಕ್ಕೆ ಕೇಡೆಂದು ಮಾಂಟ್ರಿಯಲ್ ಒಪ್ಪಂದದಡಿ ಕೈಬಿಟ್ಟ ಮೇಲೆ ಬೇರೆ ದೇಶಗಳೂ ಕಸಿಯತ್ತ ತಿರುಗಿದವು. ಹಾಗೆಂದು ಶತ್ರು ಸೋತುಬಿಟ್ಟಿತೆಂದಲ್ಲ. ಸೋರೆಯನ್ನೇ ಕಾಡುವ ಇನ್ನೊಂದು ಬಗೆಯ ಫ್ಯೂಸೇರಿಯಂ ಜಪಾನಿನಲ್ಲಿ ತಲೆಯೆತ್ತಿತು. ಬೇರೆ ಬೇರಿಗೆ ಹುಡುಕಾಟ ಶುರುವಾಯಿತು.

ಬೆಸುಗೆ ಹೇಗೆ?

ಕತ್ತರಿಸಿದ ಎರಡು ಕಾಂಡಗಳು ತಾಗಿದೊಡನೆ ಗಾಯದ ಕೋಶಗಳು ವಿಭಜನೆಗೊಂಡು ಮೆತ್ತನೆಯ ತುಂಬುಕಣಜವನ್ನು ಕಟ್ಟುತ್ತವೆ. ಅದರೊಳಗೆ ಹೊಸ ನಾಳಗಳು ಮೂಡಿ, ಕೆಳಗಿನ ಕ್ಸೈಲಂ ಮೇಲಿನದರೊಡನೆ, ಮೇಲಿನ ಫ್ಲೋಯಂ ಕೆಳಗಿನದರೊಡನೆ ಕೂಡಿಕೊಳ್ಳುತ್ತವೆ. ಇದಕ್ಕೆ ಒಂದು ವಾರ ಬೇಕು. ಅಷ್ಟು ದಿನ ಕುಡಿಗೆ ನೀರು ಕೊಡುವವರಿಲ್ಲ. ಅದಕ್ಕೇ ಅದನ್ನು ತೇವ ತುಂಬಿದ ನೆರಳಿನಲ್ಲಿಡುವುದು.

ಹಣ್ಣಿಗೆ ಸೋರೆಯ ರುಚಿ ಬಂದೀತೇ ಎಂದು ಹಲವರ ಅನುಮಾನ. ಬರುವುದಿಲ್ಲ. ಬೆಸುಗೆಯ ಮೇಲಿನ ಕೋಶಗಳಲ್ಲಿ ಕಲ್ಲಂಗಡಿಯ ವಂಶವಾಹಿಗಳೇ, ಕೆಳಗಿನವುಗಳಲ್ಲಿ ಸೋರೆಯವೇ. ಸಿಪ್ಪೆ ದಪ್ಪವಾಗುವುದು, ತಿರುಳು ಗಟ್ಟಿಯಾಗುವುದು, ಹಣ್ಣಾಗಲು ತಡವಾಗುವುದು ಮುಂತಾದ ವ್ಯತ್ಯಾಸಗಳು ಕೆಲವು ಬೇರುಗಳಿಂದ ಉಂಟಾಗುತ್ತವೆ. ಕಸಿ ಬಳ್ಳಿಯ ಹಣ್ಣಿನ ಬೀಜ ನೆಟ್ಟರೆ ಮಾತ್ರ ಹುಟ್ಟುವುದು ಬರಿಯ ಕಲ್ಲಂಗಡಿ. ಸೋರೆಯ ಬೇರು ಜೊತೆಗೆ ಬರುವುದಿಲ್ಲ. ಹಾಗಾಗಿ ಪ್ರತಿ ಬೆಳೆಗೂ ಕಸಿ ಹೊಸದಾಗಿ ಕಟ್ಟಬೇಕು, ಖರ್ಚೂ ಹೊಸದಾಗಿ ಬೀಳುತ್ತದೆ.

ಯಾವುದು ಮೇಲು?

ರೋಗವಿರುವ ಮಣ್ಣಿನಲ್ಲಿ ಕಸಿಗೆ ಸಾಟಿಯಿಲ್ಲ. ಮಣ್ಣು ತಣ್ಣಗಿದ್ದಾಗಲೂ ಕುಂಬಳದ ಬೇರು ಕಲ್ಲಂಗಡಿಯ ಬೇರಿಗಿಂತ ಚುರುಕು. ಆದರೆ ರೋಗವಿಲ್ಲದ, ಫಲವತ್ತಾದ, ಬೆಚ್ಚನೆಯ ಮಣ್ಣಿನಲ್ಲಿ ಎರಡರ ಅಂತರ ಕುಗ್ಗುತ್ತದೆ. ಬಾವಿ ಎಷ್ಟೇ ದೊಡ್ಡದಾಗಲಿ, ಬಿಂದಿಗೆ ಚಿಕ್ಕದಾದರೆ ನೀರು ಅಷ್ಟೇ ತಾನೆ? 2015ರಲ್ಲಿ ಜೆಸ್ಸಿಕಾ ಸ್ಯಾವೇಜ್ ಮತ್ತು ಸಂಗಡಿಗರು ದೈತ್ಯ ಕುಂಬಳಗಳನ್ನು ಪರೀಕ್ಷಿಸಿದಾಗ ಅವುಗಳ ತೊಟ್ಟಿನಲ್ಲಿ ಸಕ್ಕರೆ ಸಾಗಿಸುವ ಫ್ಲೋಯಂ ಸಾಮಾನ್ಯ ತಳಿಗಿಂತ ಹೆಚ್ಚು ಇರುವುದು ಕಂಡಿತು. ತೊಟ್ಟು ಬಂದದ್ದು ಬೀಜದಿಂದ. ಬೇರು ಬದಲಿಸಿದರೂ ತೊಟ್ಟು ಬದಲಾಗದು.

ಹಾಗಾದರೆ ದೊಡ್ಡ ಹಣ್ಣು ಬಂದಾಗ ಅದು ಬೇರಿನಿಂದಲೋ, ಬೀಜದಿಂದಲೋ, ಗೊಬ್ಬರದಿಂದಲೋ ಎಂದು ಹೇಗೆ ಹೇಳುವುದು? ಒಂದು ಕಸಿ ಬಳ್ಳಿಯಲ್ಲಿ ದೊಡ್ಡ ಹಣ್ಣಾಯಿತೆಂದರೆ ಏನೂ ಸಾಬೀತಾಗದು. ಗಾಳಿ ಬಿಟ್ಟಾಗ ತೂರಿಕೊಂಡವರೆಲ್ಲ ಗಾಳಿಯನ್ನು ತಾವೇ ತಂದೆವೆನ್ನಲಾಗದು. ಒಂದನ್ನು ಮಾತ್ರ ಬದಲಿಸಿ ಉಳಿದುದೆಲ್ಲವನ್ನೂ ಸಮವಾಗಿ ಇಟ್ಟಾಗಷ್ಟೇ ಉತ್ತರ ಸಿಗುತ್ತದೆ.

ಮಾಡಿ ನೋಡಿ

ಒಂದೇ ಪೊಟ್ಟಣದ ಕಲ್ಲಂಗಡಿ ಬೀಜದಿಂದ ಮೂರು ಗುಂಪು ಮಾಡಿ. ಮೊದಲನೆಯದು ತನ್ನದೇ ಬೇರಿನ ಬಳ್ಳಿ. ಎರಡನೆಯದು ಸೋರೆಯ ಮೇಲೆ ಕಸಿ. ಮೂರನೆಯದು ಕಲ್ಲಂಗಡಿಯ ಮೇಲೆಯೇ ಕಲ್ಲಂಗಡಿಯ ಕಸಿ. ಈ ಮೂರನೆಯದು ಏಕೆ? ಕಸಿಯ ಗಾಯದಿಂದಲೇ ಏನಾದರೂ ಬದಲಾಗುತ್ತದೆಯೇ ಎಂದು ತಿಳಿಯಲು. ಪ್ರತಿ ಗುಂಪಿನಲ್ಲೂ ಐದಾರು ಬಳ್ಳಿಗಳಿರಲಿ.

ಕಲ್ಲಂಗಡಿಗಿಂತ ಕೆಲವು ದಿನ ಮುಂಚೆ ಸೋರೆ ಬಿತ್ತಿ. ಸೋರೆಯ ಮೊದಲ ಎಲೆ ಮೂಡುವಾಗ ಎಲೆಯನ್ನೂ ಸುಳಿಯನ್ನೂ ತೆಗೆದು ಬೀಜದಳಗಳನ್ನು ಉಳಿಸಿ. ಅವುಗಳ ನಡುವೆ ಬಿದಿರು ಕಡ್ಡಿಯಿಂದ ಓರೆಯಾಗಿ ತೂತು ಮಾಡಿ. ಕಾಂಡದ ಪೊಳ್ಳಿಗೆ ಇಳಿಯದಿರಲಿ. ಬೀಜದಳ ಬಿಚ್ಚಿದ ಕಲ್ಲಂಗಡಿ ಸಸಿಯನ್ನು ಬುಡದಲ್ಲಿ ಬೆಣೆಯಂತೆ ಕೊಯ್ದು ತೂತಿನಲ್ಲಿ ಸೇರಿಸಿ. ಬ್ಲೇಡಿನ ಕೆಲಸ ಹಿರಿಯರ ಕೈಯಲ್ಲಿರಲಿ. ಪಾರದರ್ಶಕ ಡಬ್ಬಿ ಮುಚ್ಚಿ ವಾರದ ಕಾಲ ನೆರಳಿನಲ್ಲಿಟ್ಟು, ಆಮೇಲೆ ನಿಧಾನವಾಗಿ ಗಾಳಿ ಬೆಳಕಿಗೆ ಒಗ್ಗಿಸಿ. ಮೂರನೆಯ ಗುಂಪಿನ ಕಸಿಗೂ ಇದೇ ಕ್ರಮ. ನೆಡುವಾಗ ಬೆಸುಗೆ ಮಣ್ಣಿಗೆ ತಾಗಬಾರದು. ತಾಗಿದರೆ ಕಲ್ಲಂಗಡಿ ತಾನೇ ಬೇರು ಬಿಟ್ಟು ರೋಗಕ್ಕೆ ಬಾಗಿಲು ತೆರೆಯುತ್ತದೆ.

ಒಂದೇ ಮಣ್ಣು, ಒಂದೇ ಅಂತರ, ಒಂದೇ ಅಳತೆಯ ನೀರು, ಬಳ್ಳಿಗೊಂದೇ ಹಣ್ಣು. ವಾರಕ್ಕೊಮ್ಮೆ ಹಣ್ಣಿನ ಸುತ್ತಳತೆ ತೆಗೆದು ಬರೆದಿಡಿ, ಸತ್ತ ಬಳ್ಳಿಯ ಲೆಕ್ಕವನ್ನೂ ಬರೆಯಿರಿ. ಕಡೆಗೆ ತೂಕ ಮಾಡಿ, ಗುಂಪಿನ ಸರಾಸರಿ ತೆಗೆದು ಹೋಲಿಸಿ. ಕಸಿ ಗೆಲ್ಲದಿದ್ದರೆ ಪ್ರಯೋಗ ಕೆಟ್ಟಿತೆಂದು ತಂದೆ ತಾಯಿಗಳು ಮಕ್ಕಳನ್ನು ಹೀಯಾಳಿಸಬೇಡಿ. ಉತ್ತರ ಯಾವ ಕಡೆ ಬಿದ್ದರೂ ಅದು ಹೊಲವೇ ಹೇಳಿದ ಉತ್ತರ. ಅದನ್ನು ಇದ್ದ ಹಾಗೆ ಬರೆದಿಟ್ಟ ವಿದ್ಯಾರ್ಥಿ ವಿಜ್ಞಾನ ಕಲಿತಂತೆಯೇ ಸರಿ. ಹಣ್ಣಂತೂ ಹೇಗಿದ್ದರೂ ಮನೆಮಂದಿಗೆಲ್ಲ ಸಿಗುತ್ತದೆ.