ಸತ್ಯ ಹೇಳಿದರೆ ಜನ ಇನ್ನಷ್ಟು ಹಠ ಹಿಡಿಯುತ್ತಾರೆಯೇ?

ಮನೆಯ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ದೊಡ್ಡಪ್ಪ ಲಸಿಕೆಯ ಬಗ್ಗೆ ಒಂದು ಸುಳ್ಳು ಸಂದೇಶ ಹಾಕುತ್ತಾರೆ. ಸುಳ್ಳೆಂದು ಗೊತ್ತಿದ್ದವರೂ ಸುಮ್ಮನಿರುತ್ತಾರೆ. "ಹೇಳಿ ಏನು ಪ್ರಯೋಜನ, ಹೇಳಿದಷ್ಟೂ ಹಠ ಜಾಸ್ತಿ ಆಗುತ್ತೆ" ಎಂಬುದು ಎಲ್ಲರ ಸಮಾಧಾನ. ಇದು ನಿಜವೇ?

ಈ ಮಾತಿಗೆ ಒಂದು ಕಾಲದಲ್ಲಿ ಸಂಶೋಧನೆಯ ಬೆಂಬಲವೂ ಸಿಕ್ಕಿತ್ತು. ಅಮೆರಿಕದ ಬ್ರೆಂಡನ್ ನೈಹನ್ ಮತ್ತು ಜೇಸನ್ ರೈಫ್ಲರ್ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇರಾಕ್ ಯುದ್ಧದ ಕುರಿತ ತಪ್ಪು ಮಾಹಿತಿಯನ್ನು ತಿದ್ದಿದಾಗ ಕೆಲವರ ತಪ್ಪು ನಂಬಿಕೆ ಇನ್ನೂ ಗಟ್ಟಿಯಾಗಿತ್ತು. ಇದಕ್ಕೆ 'ಬ್ಯಾಕ್‌ಫೈರ್ ಎಫೆಕ್ಟ್' ಎಂಬ ಹೆಸರು ಬಂತು. ಆದರೆ ಥಾಮಸ್ ವುಡ್ ಮತ್ತು ಈಥನ್ ಪೋರ್ಟರ್ 10,000ಕ್ಕೂ ಹೆಚ್ಚು ಜನರ ಮೇಲೆ, 52 ವಿಷಯಗಳನ್ನಿಟ್ಟುಕೊಂಡು ಪರೀಕ್ಷಿಸಿದಾಗ ಅಂಥ ತಿರುಗೇಟು ಹೆಚ್ಚೂಕಡಿಮೆ ಕಾಣಲೇ ಇಲ್ಲ. ಸರಿಯಾದ ಮಾಹಿತಿ ಕೊಟ್ಟಾಗ ಬಹುತೇಕ ಜನ ಸ್ವಲ್ಪವಾದರೂ ತಿದ್ದಿಕೊಂಡರು. ಸುಳ್ಳನ್ನು ಅಳೆಯುವ ನಮ್ಮಂಥವರೇ ವರ್ಷಗಟ್ಟಲೆ ಹಂಚಿದ ಕಥೆಯಿದು!

ಹಾಗೆಂದು ಮಾಹಿತಿ ಕೊಟ್ಟರೆ ಸಾಕು ಎನ್ನುವಂತಿಲ್ಲ. ನೈಹನ್ ತಂಡವೇ 2014ರಲ್ಲಿ ಅಮೆರಿಕದ ಪೋಷಕರಿಗೆ ಎಂಎಂಆರ್ ಲಸಿಕೆಗೂ ಆಟಿಸಂಗೂ ಸಂಬಂಧವಿಲ್ಲ ಎಂಬ ಮಾಹಿತಿ ಕೊಟ್ಟಿತು. ಆ ತಪ್ಪು ನಂಬಿಕೆ ಕಡಿಮೆಯಾಯಿತು. ಆದರೆ ಮೊದಲೇ ಲಸಿಕೆಯ ಬಗ್ಗೆ ಅನುಮಾನವಿದ್ದವರು ಮಗುವಿಗೆ ಹಾಕಿಸುವ ವಿಚಾರದಲ್ಲಿ ಇನ್ನಷ್ಟು ಹಿಂದೆ ಸರಿದರು. ತಲೆ ಒಪ್ಪಿದರೂ ಭಯ ಹೋಗಿರಲಿಲ್ಲ.

ನಮ್ಮಲ್ಲೂ 2017ರ ಫೆಬ್ರವರಿಯಲ್ಲಿ 9 ತಿಂಗಳಿಂದ 15 ವರ್ಷದೊಳಗಿನ ಮಕ್ಕಳಿಗೆ ದಡಾರ-ರುಬೆಲ್ಲಾ ಲಸಿಕೆಯ ಅಭಿಯಾನ ನಡೆದಾಗ ವಾಟ್ಸ್‌ಆ್ಯಪ್‌ನಲ್ಲಿ ಹೆದರಿಸುವ ಸಂದೇಶಗಳು ಹರಿದಾಡಿದ್ದವು. "ಪಾಪೂಗೆ ಸೂಜಿ ಹಾಕ್ಸಲ್ಲ" ಎಂದು ಅತ್ತಿಗೆ ಹೇಳಿದರು ಎಂದಿಟ್ಟುಕೊಳ್ಳಿ. "ಅದೆಲ್ಲಾ ಫೇಕ್ ಅತ್ತಿಗೆ, ಗೂಗಲ್ ಮಾಡಿ ನೋಡಿ" ಎಂದರೆ ಮಾತು ಅಲ್ಲಿಗೇ ನಿಂತಿತು. "ಏನು ಭಯ ಆಗ್ತಿದೆ ಅತ್ತಿಗೆ?" ಎಂದು ಕೇಳಿದರೆ, ಪಕ್ಕದ ಮನೆ ಮಗು ಸೂಜಿ ಹಾಕಿಸಿಕೊಂಡ ಮೇಲೆ ಜ್ವರ ಬಂದು ರಾತ್ರಿಯಿಡೀ ಅತ್ತ ವಿಷಯ ಹೊರಬರಬಹುದು. ಆ ಜ್ವರ ಸುಳ್ಳಲ್ಲ. ಈ ಲಸಿಕೆಯ ನಂತರ ಕೆಲವು ಮಕ್ಕಳಿಗೆ ಜ್ವರ ಬರುತ್ತದೆ, ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಇಳಿಯುತ್ತದೆ. ಮೊದಲು ಅದನ್ನು ಒಪ್ಪಿಕೊಳ್ಳಬೇಕು. "ನನಗೆ ಗೊತ್ತಿರೋದು ಹೇಳ್ಲಾ?" ಎಂದು ಕೇಳಿ, ದಡಾರ ಬಂದರೆ ನ್ಯುಮೋನಿಯಾದವರೆಗೂ ಹೋಗಬಹುದು ಎಂದು ತಿಳಿಸಬೇಕು. "ನಿಮಗೇನನ್ನಿಸುತ್ತೆ?" ಎಂದು ಕೇಳಿ, ಉತ್ತರಕ್ಕೆ ಕಾಯಬೇಕು. ಕಾಯುವುದೇ ಕಷ್ಟ.

ಈ ಕ್ರಮ ನಮ್ಮ ಕಲ್ಪನೆಯಲ್ಲ. ಮನಶ್ಶಾಸ್ತ್ರಜ್ಞ ವಿಲಿಯಂ ಮಿಲ್ಲರ್ 1983ರಲ್ಲಿ ಕುಡಿತ ಬಿಡಿಸುವ ಚಿಕಿತ್ಸೆಗಾಗಿ ಮುಂದಿಟ್ಟ ಸಂಭಾಷಣಾ ವಿಧಾನವಿದು. ಕೆನಡಾದ ಕ್ವಿಬೆಕ್‌ನಲ್ಲಿ ಡಾ. ಅರ್ನೋ ಗಾನ್ಯೂರ್ ತಂಡ ಹೆರಿಗೆ ವಾರ್ಡಿನ ತಾಯಂದಿರ ಜೊತೆ ಹೀಗೆ ಮಾತನಾಡಿದಾಗ, ಲಸಿಕೆ ಹಾಕಿಸುತ್ತೇವೆ ಎನ್ನುವವರ ಪ್ರಮಾಣ ಶೇ. 78ರಿಂದ 90ಕ್ಕೆ ಏರಿತು. ಎಲ್ಲರೂ ಒಪ್ಪಲಿಲ್ಲ ಎಂಬುದನ್ನೂ ಗಮನಿಸಬೇಕು.

ಎಲ್ಲ ಕಡೆಯೂ ಇಷ್ಟು ತಾಳ್ಮೆ ಬೇಕಿಲ್ಲ. ಹಾವು ಕಚ್ಚಿದವರನ್ನು ಮಂತ್ರ ಹಾಕಿಸಲು ಕರೆದೊಯ್ಯುತ್ತಿದ್ದರೆ ಭಯ ವಿಚಾರಿಸುತ್ತಾ ಕೂರುವ ಹೊತ್ತಲ್ಲ ಅದು, 108ಕ್ಕೆ ಕರೆ ಮಾಡುವ ಹೊತ್ತು.

ಇನ್ನು ದೊಡ್ಡಪ್ಪನ ಸಂದೇಶ. ಹತ್ತು ಜನರ ಎದುರು ಸೋತೆ ಎಂದು ಯಾರೂ ಒಪ್ಪುವುದಿಲ್ಲ, ಅದರಲ್ಲೂ ಹಿರಿಯರು. ಆದರೆ ಬೇರೆಯವರಿಗೆ ಸಿಕ್ಕ ತಿದ್ದುಪಡಿಯನ್ನು ಓದಿದವರ ತಪ್ಪು ತಿಳಿವಳಿಕೆಯೂ ಕಡಿಮೆಯಾಗುತ್ತದೆ ಎಂದು ಲೆಟಿಶಿಯಾ ಬೋಡ್ ಮತ್ತು ಎಮಿಲಿ ವ್ರಾಗಾ ತೋರಿಸಿದ್ದಾರೆ. ಹಾಗಾಗಿ ಗ್ರೂಪಿನಲ್ಲಿ ಎರಡು ಸಾಲು, ವ್ಯಂಗ್ಯವಿಲ್ಲದೆ, ಸುಮ್ಮನೆ ಓದುತ್ತಿರುವ ಉಳಿದವರಿಗಾಗಿ ಬರೆಯಬಹುದು. ದೊಡ್ಡಪ್ಪನಿಗೆ ಸಂಜೆ ಫೋನ್ ಮಾಡಿ.