ಮರ ಎಣಿಸುವವರಿಗೆ ಒಂದು ಮಾರುತ್ತರ

ಕಾಡಿನ ಹಕ್ಕಿನ ಮಾತೆತ್ತಿದವರನ್ನೆಲ್ಲ ಹವಾಮಾನದ ಶತ್ರುಗಳ ಪಟ್ಟಿಗೆ ಸೇರಿಸುವ ಚಾಳಿ ಈಚೆಗೆ ಶುರುವಾಗಿದೆ. ಭೂಮಿ ಕಾದು ಕೆಂಡವಾಗುತ್ತಿದೆ, ಮರ ನೆಡಬೇಕು, ಇಂಗಾಲ ಹಿಡಿದಿಡಬೇಕು, ನೀವು ನೋಡಿದರೆ ಗ್ರಾಮಸಭೆ, ನಡಾವಳಿ, ಒಪ್ಪಿಗೆ ಎನ್ನುತ್ತ ದಾರಿಗೆ ಅಡ್ಡ ಕೂತಿದ್ದೀರಿ ಎಂಬುದು ದೂರು. ದೂರುವವರಲ್ಲಿ ಕಾಡನ್ನು ನಿಜವಾಗಿ ಪ್ರೀತಿಸುವವರೂ ಇದ್ದಾರೆ. ಅಂಥ ಕೆಲವರ ಜೊತೆ ನಾನೂ ಹುಲಿಹೆಜ್ಜೆ ಹುಡುಕುತ್ತ ಅಲೆದವನೇ. ಆ ಸಲುಗೆಯಿಂದಲೇ ಅವರ ಒಂದೊಂದು ಮಾತನ್ನೂ ಎತ್ತಿಕೊಂಡು ಉತ್ತರಿಸುತ್ತಿದ್ದೇನೆ.

‘ಹಕ್ಕು ಕೊಟ್ಟರೆ ಕಾಡು ತುಂಡು ತುಂಡಾಗುತ್ತದೆ’ ಎಂಬುದು ಮೊದಲನೆಯದು. 2006ರ ಅರಣ್ಯ ಹಕ್ಕು ಕಾಯ್ದೆಯನ್ನು ಓದದೆ ಆಡುವ ಮಾತಿದು. ಆ ಕಾಯ್ದೆ ಹೊಸದಾಗಿ ಯಾರಿಗೂ ಕಾಡು ಹಂಚುವುದಿಲ್ಲ. 2005ರ ಡಿಸೆಂಬರ್ 13ಕ್ಕೆ ಮೊದಲು ಉಳುತ್ತಿದ್ದ ನೆಲವನ್ನಷ್ಟೇ, ಅದನ್ನೂ ಹೆಚ್ಚೆಂದರೆ 4 ಹೆಕ್ಟೇರ್‌ವರೆಗೆ, ಅವರದೆಂದು ಒಪ್ಪಿಕೊಳ್ಳುತ್ತದೆ. ಇದಕ್ಕಿಂತ ದೊಡ್ಡದು, ಊರಿನವರೆಲ್ಲ ಸೇರಿ ತಮ್ಮ ಪಾಲಿನ ಕಾಡನ್ನು ಕಾಯುವ, ಚಿಗುರಿಸುವ, ನಿರ್ವಹಿಸುವ ಸಮುದಾಯ ಹಕ್ಕು. ಕಾಡು ಕಡಿಯುವ ಹಕ್ಕು ಎಂದು ಅಲ್ಲೆಲ್ಲೂ ಬರೆದಿಲ್ಲ. ಬೋಗಸ್ ಅರ್ಜಿಗಳಿವೆಯೇ? ಇವೆ. ಹತ್ತಾರು ಎಕರೆ ತೋಟ ಒತ್ತುವರಿ ಮಾಡಿದವರು ಬಡವರ ಬೆನ್ನ ಹಿಂದೆ ಅಡಗಿ ಅರ್ಜಿ ಹಾಕಿದ್ದೂ ಉಂಟು. ಅವರನ್ನು ಹಿಡಿಯಿರಿ, ನಾವೂ ಕೈಜೋಡಿಸುತ್ತೇವೆ.

ಬಿಳಿಗಿರಿರಂಗನ ಬೆಟ್ಟವನ್ನೇ ನೋಡಿ. 2011ರ ಜನವರಿಯಲ್ಲಿ ಅದು ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಅಕ್ಟೋಬರ್ 2ರಂದು ಅಲ್ಲಿನ ಸೋಲಿಗ ಬುಡಕಟ್ಟಿನ 25 ಗ್ರಾಮಸಭೆಗಳ ಕೈಗೆ ಸಮುದಾಯ ಹಕ್ಕುಪತ್ರ ಬಂತು. ಹುಲಿಕಾಡಿನೊಳಗೆ ಇಂಥ ಹಕ್ಕು ಸಿಕ್ಕಿದ್ದು ದೇಶದಲ್ಲೇ ಮೊದಲು. 2010ರಲ್ಲಿ 35 ಎಂದು ಅಂದಾಜಿಸಿದ್ದ ಹುಲಿಗಳು 2014ರ ಹೊತ್ತಿಗೆ 68 ಆದವು. ಹಕ್ಕುಪತ್ರದಿಂದಲೇ ಹುಲಿ ಹೆಚ್ಚಿತು ಎಂದು ನಾನು ಹೇಳುವುದಿಲ್ಲ, ಅದು ನಿಮ್ಮಷ್ಟೇ ಅವಸರದ ಮಾತಾದೀತು. ಹಕ್ಕು ಕೊಟ್ಟರೆ ಹುಲಿ ಉಳಿಯುವುದಿಲ್ಲ ಎಂದು ಬೆದರಿಸಿದವರ ಲೆಕ್ಕ ಮಾತ್ರ ತಲೆಕೆಳಗಾಯಿತು.

ಆ ಬೆಟ್ಟದಲ್ಲಿ ಕಾಡು ಕೆಟ್ಟಿಲ್ಲವೇ ಎಂದರೆ, ಕೆಟ್ಟಿದೆ. ಕೆಡಿಸಿದ್ದು ಲಂಟಾನ ಎಂಬ ಕಳೆಪೊದೆ. 1997ರಲ್ಲಿ ಅಧ್ಯಯನ ಮಾಡಿದ ತಾಕುಗಳಲ್ಲಿ ಲಂಟಾನ ಇದ್ದದ್ದು ಸುಮಾರು ಶೇ 40ರಲ್ಲಿ, 2008ರಲ್ಲಿ ಶೇ 80ರಲ್ಲಿ. ಆಳೆತ್ತರದ ಆ ಮೆಳೆಯೊಳಗೆ ನುಸುಳಿದರೆ ಹುಲ್ಲಿನ ಒಂದೆಳೆಯೂ ಕಾಲಿಗೆ ತಾಗುವುದಿಲ್ಲ. ಒಣಗಿದ ಕಡ್ಡಿ ಅಂಗಿಯ ತೋಳು ಹರಿಯುತ್ತದೆ ಅಷ್ಟೆ. ಸೋಲಿಗ ಹಿರಿಯರನ್ನು ಕೇಳಿದರೆ ‘ತರಗು ಬೆಂಕಿ’ಯ ಮಾತೆತ್ತುತ್ತಾರೆ. ಬೇಸಿಗೆ ಏರುವ ಮೊದಲೇ, ನೆಲದಲ್ಲಿ ಇನ್ನೂ ಇಬ್ಬನಿಯ ತೇವ ಇರುವಾಗ, ಉದುರಿದ ತರಗೆಲೆಗೆ ಕೊಡುತ್ತಿದ್ದ ಮೊಣಕಾಲೆತ್ತರದ ಬೆಂಕಿ ಅದು. ಲಂಟಾನದ ಎಳೆ ಸಸಿ ಸುಟ್ಟುಹೋಗುತ್ತಿತ್ತು, ನೆಲ್ಲಿಮರಕ್ಕೆ ಹತ್ತುವ ಬದನಿಕೆ ಸಾಯುತ್ತಿತ್ತು, ಹೊಸ ಹುಲ್ಲು ಏಳುತ್ತಿತ್ತು. 1974ರಲ್ಲಿ ವನ್ಯಧಾಮ ಬಂತು, ಬೆಂಕಿ ಅಪರಾಧವಾಯಿತು. ಅದಕ್ಕೇ ಲಂಟಾನ ಹಬ್ಬಿತೆಂಬುದು ಹಿರಿಯರ ವಿವರಣೆ. ವಿಜ್ಞಾನಿಗಳೂ ಅದನ್ನು ದಾಖಲಿಸಿಕೊಂಡಿದ್ದಾರೆ, ತಳ್ಳಿಹಾಕಿಲ್ಲ. ಈಗ ಬೆಂಕಿ ಬಿದ್ದರೆ ಅದು ತರಗಿಗಲ್ಲ, ಒಣ ಲಂಟಾನದ ರಾಶಿಗೆ. ಮರದ ತುದಿಗೇ ಏರುತ್ತದೆ. 2019ರ ಫೆಬ್ರುವರಿಯಲ್ಲಿ ಪಕ್ಕದ ಬಂಡೀಪುರದಲ್ಲಿ ಸಾವಿರಾರು ಎಕರೆ ಉರಿದಾಗ ಎಷ್ಟು ಇಂಗಾಲ ಗಾಳಿಗೆ ಸೇರಿತೋ, ಮರ ನೆಟ್ಟು ಇಂಗಾಲದ ಕ್ರೆಡಿಟ್ ಲೆಕ್ಕ ಬರೆಯುವವರು ಅದನ್ನೂ ಬರೆದುಕೊಳ್ಳಲಿ.

ಎರಡನೆಯ ಮಾತು ಮೇಲ್ನೋಟಕ್ಕೆ ನಿರುಪದ್ರವಿ: ‘ಪಾಳು ಬಿದ್ದ ಜಾಗದಲ್ಲಿ ಗಿಡ ನೆಟ್ಟರೆ ಯಾರಿಗೇನು ನಷ್ಟ?’ ಈ ಪ್ರಶ್ನೆಗೆ ಕನ್ನಡ ನಾಡು 1987ರಲ್ಲೇ ಉತ್ತರ ಕೊಟ್ಟಿದೆ. ಹರಿಹರದ ಕಾರ್ಖಾನೆಯ ಪಲ್ಪಿಗಾಗಿ ನೀಲಗಿರಿ ಬೆಳೆಯಲು ಸುಮಾರು 30,000 ಹೆಕ್ಟೇರ್ ‘ಸಿ’ ಮತ್ತು ‘ಡಿ’ ದರ್ಜೆಯ ನೆಲವನ್ನು ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್‌ಗೆ ಕೊಡುವ ಯೋಜನೆ ಬಂದಿತ್ತು. ಕಾಗದದಲ್ಲಿ ಅದೂ ಪಾಳೇ. ಊರವರಿಗೆ ಅದು ದನದ ಮೇವು, ಸೌದೆ, ನೇಗಿಲಿನ ಮರ. ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಜನರನ್ನು ಕಟ್ಟಿತು, ಶಿವರಾಮ ಕಾರಂತರು ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದವರಲ್ಲಿ ಒಬ್ಬರಾದರು. 1987ರ ನವೆಂಬರ್ 14ರಂದು, ಆಗಿನ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ ಜನ ನೀಲಗಿರಿ ಸಸಿ ಕಿತ್ತು, ತಮಗೆ ಬೇಕಾದ ಗಿಡ ಹಚ್ಚಿದರು. ‘ಕಿತ್ತಿಕೊ-ಹಚ್ಚಿಕೊ’ ಎಂಬ ಹೆಸರಲ್ಲೇ ಇದೆ ನೋಡಿ, ಅವರು ಗಿಡದ ವಿರೋಧಿಗಳಾಗಿರಲಿಲ್ಲ. ಕೊನೆಗೆ ಕಂಪನಿಯನ್ನೇ ಮುಚ್ಚಬೇಕಾಯಿತು.

ಕೇಂದ್ರ ಸರ್ಕಾರದ 2023ರ ಹಸಿರು ಕ್ರೆಡಿಟ್ ಯೋಜನೆಗೆ ಅದೇ ಮುಖ, ಬಟ್ಟೆ ಮಾತ್ರ ಹೊಸದು. ಅರಣ್ಯ ಇಲಾಖೆ ಗುರುತಿಸಿದ ವಿರಳ ಕಾಡು, ಕುರುಚಲು, ಪಾಳು ಭೂಮಿಯಲ್ಲಿ ಹೆಕ್ಟೇರಿಗೆ ಕನಿಷ್ಠ 1,100 ಗಿಡ ನೆಡಿ, ಕ್ರೆಡಿಟ್ ಪಡೆಯಿರಿ ಎಂದು 2024ರ ಫೆಬ್ರುವರಿಯ ಅಧಿಸೂಚನೆ ಹೇಳಿತು. ಆ ಕುರುಚಲಿನಲ್ಲಿ ಕುರಿ ಮೇಯುತ್ತಿದ್ದರೆ? ತೋಳ, ಕೃಷ್ಣಮೃಗ ಅಲ್ಲೇ ಬಾಳುತ್ತಿದ್ದರೆ? ಸಮುದಾಯ ಹಕ್ಕಿನ ಅರ್ಜಿ ಅದೇ ನೆಲದ ಮೇಲೆ ಬಾಕಿ ಇದ್ದರೆ? 2025ರಲ್ಲಿ ನಿಯಮ ತಿದ್ದಿ, ಐದು ವರ್ಷ ಕಳೆದು ಶೇ 40ರಷ್ಟು ನೆರಳು ಕಟ್ಟಿದರೆ ಮಾತ್ರ ಕ್ರೆಡಿಟ್ ಎಂದರು. ಗಿಡ ನೆಟ್ಟು ಫೋಟೊ ಹೊಡೆಸಿಕೊಂಡು ಹೋಗುವವರಿಗೆ ಇದು ಸರಿಯಾದ ಲಗಾಮು. ಆದರೆ ಹುಲ್ಲುಗಾವಲಿನ ಮೇಲೆ ಶೇ 40ರ ನೆರಳು ಬಿದ್ದರೆ ಅಲ್ಲಿ ಹುಲ್ಲುಗಾವಲೇ ಉಳಿಯದು.

ಇಷ್ಟಕ್ಕೂ ಜನರನ್ನು ಬಿಟ್ಟು ನೆಟ್ಟ ಗಿಡಗಳಾದರೂ ಏನಾದವು? ಪರಿಹಾರಾತ್ಮಕ ಅರಣ್ಯೀಕರಣದ, ಅಂದರೆ ಕಳೆದ ಕಾಡಿಗೆ ಬದಲಾಗಿ ಗಿಡ ಬೆಳೆಸುವ ಕೆಲಸದ, ಬಗ್ಗೆ ಮಹಾಲೇಖಪಾಲರ 2013ರ ವರದಿಯಂತೆ, 1,03,381 ಹೆಕ್ಟೇರ್ ಅರಣ್ಯೇತರ ಭೂಮಿ ಬರಬೇಕಿತ್ತು, ಬಂದದ್ದು 28,086, ಗಿಡ ಬೆಳೆಸಿದ್ದು 7,280 ಹೆಕ್ಟೇರಿನಲ್ಲಿ. ಹಿಮಾಚಲದ ಕಾಂಗ್ಡಾದಲ್ಲಿ ದಶಕಗಳ ಸರ್ಕಾರಿ ನೆಡುತೋಪುಗಳನ್ನು ಅಳೆದು 2021ರಲ್ಲಿ ಪ್ರಕಟವಾದ ಅಧ್ಯಯನಕ್ಕೆ ಕಾಡಿನ ಹೊದಿಕೆ ಹೆಚ್ಚಿದ ಗುರುತೇ ಸಿಗಲಿಲ್ಲ. 2019ರಲ್ಲಿ ಕೇಂದ್ರ ಸರ್ಕಾರ ರಾಜ್ಯಗಳಿಗೆ ದಾಟಿಸಿದ ಕಾಂಪಾ, ಅಂದರೆ ಪರಿಹಾರಾತ್ಮಕ ಅರಣ್ಯೀಕರಣ ನಿಧಿಯ, ಹಣ 47,436 ಕೋಟಿ ರೂಪಾಯಿ. ಗಣಿಗೆ, ಅಣೆಕಟ್ಟಿಗೆ, ರಸ್ತೆಗೆ ಕೊಟ್ಟ ಕಾಡಿನ ಬೆಲೆ ಅದು. ಕಾಡು ತುಂಡು ಮಾಡಿದವರನ್ನು ಹುಡುಕುವುದಾದರೆ ಆ ಖಾತೆಯಿಂದ ಶುರುಮಾಡಬಹುದು.

‘ಗ್ರಾಮಸಭೆ ಎಂದು ಕೂತರೆ ಕಾಲ ಮೀರುತ್ತದೆ’ ಎಂಬುದು ಮೂರನೆಯದು. ಒಡಿಶಾದ ನಿಯಮಗಿರಿಯಲ್ಲಿ 2013ರ ಏಪ್ರಿಲ್‌ನಲ್ಲಿ ಗಣಿಗಾರಿಕೆಯ ಬಗ್ಗೆ ಸುಪ್ರೀಂ ಕೋರ್ಟ್ ತೀರ್ಪು ಬಂದ ಮೇಲೆ 12 ಗ್ರಾಮಸಭೆಗಳು ನಡೆದವು. ಜುಲೈ 18ಕ್ಕೆ ಶುರು, ಆಗಸ್ಟ್ 19ಕ್ಕೆ ಮುಕ್ತಾಯ. ಹನ್ನೆರಡೂ ಗಣಿ ಬೇಡವೆಂದವು. ಒಂದು ತಿಂಗಳು! ಇತ್ತ ನಮ್ಮ ರಾಜ್ಯದಲ್ಲಿ ಮೂರು ಲಕ್ಷದ ಹತ್ತಿರ ಹತ್ತಿರ ಹಕ್ಕಿನ ಅರ್ಜಿಗಳು ಬಿದ್ದು, ಹಕ್ಕುಪತ್ರ ಸಿಕ್ಕಿದ್ದು ಹದಿನಾರು ಸಾವಿರದ ಆಸುಪಾಸಿಗೆ. ಕಾಯ್ದೆ ಜಾರಿಗೆ ಬಂದು ಹದಿನೈದು ವರ್ಷ ದಾಟಿದೆ. ತಡ ಮಾಡುತ್ತಿರುವವರು ಯಾರು?

ಮಲೆನಾಡಿನ ಕಚೇರಿಯೊಂದಕ್ಕೆ ಹೀಗೇ ಒಂದು ಅರ್ಜಿಯ ಹಿಂದೆ ಹೋಗಿದ್ದೆ. ಬುಡಕಟ್ಟಿನವರಲ್ಲದ ಕುಟುಂಬ, ಮೂರು ತಲೆಮಾರಿನ ವಾಸ ತೋರಿಸಬೇಕು. ಊರಿನ ಹಿರಿಯರ ಹೇಳಿಕೆಯನ್ನು ಬರೆದುಕೊಂಡರೆ ಅದೂ ಪುರಾವೆ ಎಂದು ನಿಯಮವೇ ಹೇಳುತ್ತದೆ. ‘ಅಜ್ಜ ಹೇಳಿದ್ದೆಲ್ಲ ದಾಖಲೆ ಆಗುತ್ತೇನ್ರೀ? 1930ರ ಕಾಗದ ಇದ್ರೆ ತನ್ನಿ’ ಎಂದರು ಗುಮಾಸ್ತರು. ನಿಯಮದ ಕನ್ನಡ ಪ್ರತಿ ಮುಂದಿಟ್ಟೆ. ತಿರುವಿ ನೋಡಿ, ಮಡಚಿ, ಫ್ಯಾನಿನ ಗಾಳಿಗೆ ಹಾರುತ್ತಿದ್ದ ಬೇರೆ ಕಾಗದಗಳ ಮೇಲೆ ಭಾರಕ್ಕೆ ಇಟ್ಟರು.

ವಿದೇಶಿ ದುಡ್ಡಿನ ಸಂಘಟನೆಗಳ ಕಿತಾಪತಿ ಎಂಬ ಮಾತಿಗೆ ಹೆಚ್ಚು ಜಾಗ ಬೇಡ. ಕಾಡಿನ ಜನರ ಪೂರ್ಣ ಪಾಲ್ಗೊಳ್ಳುವಿಕೆ ಇರಬೇಕೆಂದು 2010ರಲ್ಲಿ ಕ್ಯಾನ್‌ಕೂನ್‌ನ ಹವಾಮಾನ ಸಮ್ಮೇಳನ ಒಪ್ಪಿತು. ಆ ಮೇಜಿನಲ್ಲಿ ಭಾರತ ಸರ್ಕಾರವೂ ಇತ್ತು. ಸರ್ಕಾರ ಒಪ್ಪಿಕೊಂಡದ್ದನ್ನು ಜ್ಞಾಪಿಸಲು ಯಾರ ದುಡ್ಡೂ ಬೇಕಿಲ್ಲ.

ಕೊನೆಯದು, ನನ್ನನ್ನು ನಿಜಕ್ಕೂ ಯೋಚನೆಗೆ ಹಚ್ಚಿದ್ದು: ‘ಈಗಿನ ಹುಡುಗರು ಬೈಕು, ಮೊಬೈಲು ಹಿಡಿದವರು, ಹಳೆಯ ಕಾಡುಜ್ಞಾನ ಅವರಲ್ಲೆಲ್ಲಿದೆ?’ ನಮ್ಮವರು ಕಾಡಿನವರನ್ನು ಋಷಿಗಳಂತೆ ಚಿತ್ರಿಸಿದ್ದು ತಪ್ಪೇ. ಎಷ್ಟೋ ಹುಡುಗರಿಗೆ ತರಗು ಬೆಂಕಿ ಅಜ್ಜಂದಿರ ಬಾಯಲ್ಲಿ ಕೇಳಿದ ಕತೆ. ಆದರೆ ಮೇಘಾಲಯದ ಮಾವ್‌ಫ್ಲಾಂಗ್ ಸುತ್ತಿನ ಖಾಸಿ ಹಳ್ಳಿಗಳನ್ನು ನೋಡಿ. ಅವರೂ ಮೊಬೈಲಿನವರೇ. ಹಳ್ಳಿಗಳ ಒಕ್ಕೂಟವೇ ಬೆಂಕಿರೇಖೆ ಕಡಿದು, ಕಾಡು ಚಿಗುರಿಸಿ, ಇಂಗಾಲದ ಕ್ರೆಡಿಟ್ ಮಾರುತ್ತದೆ. ಅಲ್ಲಿ ಕಾಡು ಕುಲದ್ದು, ಊರಿನದು. ಮಾರುವುದೋ ಬೇಡವೋ ಎಂದು ತೀರ್ಮಾನಿಸಿದವರೂ ಅವರೇ. ನಾವು ಕೇಳುತ್ತಿರುವುದು ಅಷ್ಟನ್ನೇ.

ನಂಬಿಕೆ ಬಾರದಿದ್ದರೆ ಒಂದು ಪಂಥ ಕಟ್ಟೋಣ. ಬಿಳಿಗಿರಿಯ ಒಂದು ಪೋಡಿನವರು, ಅಂದರೆ ಒಂದು ಸೋಲಿಗ ಹಾಡಿಯವರು, ಒಪ್ಪಿದರೆ, ಅವರ ಹಕ್ಕಿನ ಕಾಡಲ್ಲೇ ಒಂದು ತಾಕನ್ನು ಅವರ ವಿಧಾನಕ್ಕೆ ಬಿಡಿ. ಲಂಟಾನ ಬೇರುಸಹಿತ ಕೀಳಲಿ, ಇಬ್ಬನಿ ಇರುವಾಗ ಇಲಾಖೆಯವರ ಎದುರಿಗೇ ತರಗಿಗೆ ಬೆಂಕಿ ಕೊಡಲಿ. ನಿಮ್ಮ 1,100 ಗಿಡಗಳನ್ನು ನಿಮಗೆ ಬೇಕಾದ ಕಡೆ ನೆಡಿ, ಅಲ್ಲಿನವರ ಒಪ್ಪಿಗೆ ಪಡೆದು. ಐದು ವರ್ಷ ಬಿಟ್ಟು ಎರಡನ್ನೂ ಅಳೆಯೋಣ. ಅಳತೆಗೋಲು ನಿಮ್ಮದೇ ಇರಲಿ.